ಕಂಬಕ್ಕೆ ಎಣ್ಣೆ ಹಚ್ಚಿದವರು

ಈಚಿನ ವರ್ಷಗಳಲ್ಲಿ ಯಾವ ಪತ್ರಿಕೆಯ ದೀಪಾವಳಿ ವಿಶೇಷಾಂಕ ಬಿಡಿಸಿದರೂ ಅದರಲ್ಲೊಂದು ಹಳೆಯ ಮನೆಯ ಚಿತ್ರ ಇದ್ದೇ ಇರುತ್ತದೆ. ನಡುವೆ ತೊಟ್ಟಿ, ಸುತ್ತ ಮಿರಮಿರ ಮಿಂಚುವ ಕಂಬಗಳು, ಕೆಂಪು ನೆಲ, ಒಂದು ಮೂಲೆಯಲ್ಲಿ ತೂಗುಮಂಚ, ಇನ್ನೊಂದು ಮೂಲೆಯಲ್ಲಿ ತಾಮ್ರದ ಹಂಡೆ. ಹಂಡೆಯಲ್ಲಿ ಸ್ನಾನದ ನೀರಿಲ್ಲ, ಕ್ರೋಟನ್ ಗಿಡವಿದೆ. ಕೆಳಗೆ ಮುತ್ತಜ್ಜನ ಮನೆಗೆ ಮೊಮ್ಮಗ ಮರುಜೀವ ಕೊಟ್ಟ ಬಗೆಯ ವಿವರಣೆ ಇರುತ್ತದೆ. ‘ಪರಿಸರಸ್ನೇಹಿ’, ‘ಸುಸ್ಥಿರ’, ‘ಪರಂಪರೆ’ ಎಂಬ ಮೂರು ಪದಗಳಲ್ಲಿ ಎರಡಾದರೂ ಅಲ್ಲಿ ಸಿಗುತ್ತವೆ.

ನೋಡಿದರೆ ಸಂತೋಷವಾಗುತ್ತದೆ, ಸುಳ್ಳು ಹೇಳಬಾರದು. ಅಂಥ ಮನೆಗಳನ್ನು ಕೆಡವಿ, ಬಾಗಿಲವಾಡವನ್ನು ಹಳೇ ಸಾಮಾನಿನವರಿಗೆ ಮಾರಿ, ಆ ಜಾಗದಲ್ಲಿ ತಾರಸಿ ಮನೆ ಎಬ್ಬಿಸಿದವರೇ ನಮ್ಮ ಸುತ್ತ ಹೆಚ್ಚು. ಉಳಿಸಿಕೊಂಡವರನ್ನು ಮೆಚ್ಚಬೇಕಾದದ್ದೇ. ಆದರೂ ಅದೇ ಚಿತ್ರವನ್ನು ಇನ್ನೊಮ್ಮೆ ನೋಡಿದಾಗ ಒಂದೆರಡು ಸಂದೇಹ ಹುಟ್ಟುತ್ತವೆ. ಈ ಮನೆಯಲ್ಲಿ ಜನ ಎಲ್ಲಿ? ಅಡುಗೆಮನೆಯ ಚಿತ್ರವನ್ನೇಕೆ ಹಾಕಿಲ್ಲ? ಕಂಬಗಳು ಇಷ್ಟು ಹೊಳೆಯಬೇಕಾದರೆ ಅವಕ್ಕೆ ಎಣ್ಣೆ ಹಚ್ಚಿದವರು ಯಾರು?

ಒಂದು ಕಾದಂಬರಿಯನ್ನು ವಿಮರ್ಶಿಸುವಾಗ ಅದು ಏನು ಹೇಳಿತು ಎಂಬುದರ ಜೊತೆಗೆ ಯಾರ ಬಾಯಿ ಕಟ್ಟಿತು ಎಂದೂ ಕೇಳುತ್ತೇವಲ್ಲವೆ? ಮನೆಯ ದುರಸ್ತಿಯನ್ನೂ ಹಾಗೆ ಓದಲು ಸಾಧ್ಯ. ಯಾವುದನ್ನು ಉಳಿಸಿದರು, ಯಾವುದನ್ನು ಕಿತ್ತರು, ಯಾವುದನ್ನು ಮುಚ್ಚಿದರು ಎಂಬುದರಲ್ಲಿ ಆ ಮನೆಯವರ ಅಭಿರುಚಿಯಷ್ಟೇ ಅಲ್ಲ, ಅವರ ನ್ಯಾಯ ಅನ್ಯಾಯವೂ ಕಾಣುತ್ತದೆ.

ಮೊದಲು ಹಳೆಯ ಮನೆಗೆ ಸಲ್ಲಬೇಕಾದ ಮಾತನ್ನು ಸಲ್ಲಿಸಿಬಿಡೋಣ. ನಾನು ಬಲ್ಲದ್ದು ಮಲೆನಾಡಿನ ಮನೆ. ತೀರ್ಥಹಳ್ಳಿ ಕಡೆಯ ನಮ್ಮತ್ತೆ ಮನೆಯ ಗೋಡೆ ಮಣ್ಣಿನದು, ಒಂದೂವರೆ ಅಡಿಗಿಂತ ದಪ್ಪ. ಬಿಸಿಲು ಅದನ್ನು ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಕಾದ ಗಾಳಿ ತೊಟ್ಟಿಯಿಂದ ಮೇಲೆ ಹೋಗುತ್ತದೆ, ಬೆಳಕು ಅದೇ ದಾರಿಯಲ್ಲಿ ಕೆಳಗಿಳಿಯುತ್ತದೆ. ಮಾಡಿನ ಸೂರು ಗೋಡೆಯಿಂದ ಮೂರಡಿ ಮುಂದಕ್ಕೆ ಚಾಚಿಕೊಂಡು ಮಳೆಯ ಎರಚಲನ್ನು ತಡೆಯುತ್ತದೆ. ಅದಕ್ಕೂ ಮೀರಿದ ಆಷಾಢದ ಗಾಳಿಮಳೆಗೆ ಪಡುವಣ ಗೋಡೆಗೆ ಅಡಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಮಳೆಗಾಲ ಮುಗಿದ ಮೇಲೆ ಬಿಚ್ಚಿದ ಸೋಗೆ ಗೊಬ್ಬರದ ಗುಂಡಿಗೆ. ಕಸವೆಂದು ಊರಾಚೆ ಹೊತ್ತು ಹಾಕುವ ಸಾಮಾನು ಆ ಮನೆಯಲ್ಲಿ ಬಹಳ ಇರಲಿಲ್ಲ.

ಮಣ್ಣಿನ ಗೋಡೆಯ ಇನ್ನೊಂದು ಗುಣ ಕಣ್ಣಿಗೆ ಕಾಣುವಂಥದ್ದಲ್ಲ. ಅದು ನೆಲದ ತೇವವನ್ನು ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ಹೀರುತ್ತಲೇ ಇರುತ್ತದೆ. ಹೀರಿದ್ದನ್ನು ಗಾಳಿಗೆ ಬಿಟ್ಟುಕೊಡುತ್ತಲೂ ಇರುತ್ತದೆ. ಮೇಲೆ ಬಳಿದ ಸುಣ್ಣ ಈ ಉಸಿರಾಟಕ್ಕೆ ಅಡ್ಡ ಬರುವುದಿಲ್ಲ. ಅಂಥ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿದರೆ ತೇವಕ್ಕೆ ಹೊರಬರುವ ದಾರಿ ತಪ್ಪುತ್ತದೆ. ಅದು ಗೋಡೆಯೊಳಗೇ ಇನ್ನೂ ಮೇಲಕ್ಕೆ ಏರುತ್ತದೆ, ತೊಲೆಯ ತುದಿಯನ್ನು ಮುಟ್ಟಿ ಮರವನ್ನು ಕೊಳೆಸುತ್ತದೆ, ತೇವವಿದ್ದಲ್ಲಿ ಒರಲೆಯೂ ಬರುತ್ತದೆ. ನಮ್ಮ ಮಾವನವರ ಕಾಲದಲ್ಲಿ ಒಬ್ಬ ಕಂಟ್ರಾಕ್ಟರು ‘ಇನ್ನು ನೂರು ವರ್ಷ ನೋಡೋದೇ ಬೇಡ’ ಎಂದು ಹೇಳಿ ಜಗಲಿಯ ಗೋಡೆಗೆಲ್ಲ ಸಿಮೆಂಟು ಮೆತ್ತಿಸಿದ್ದರು. ಹದಿನೈದು ವರ್ಷಕ್ಕೆ ಆ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಖಾಲಿ ಡಬ್ಬದ ಸದ್ದು ಬರುತ್ತಿತ್ತು. ಕಿತ್ತು ನೋಡಿದಾಗ ಸಿಮೆಂಟಿನ ಹಲ್ಲೆಗೆ ಅಂಟಿಕೊಂಡು ಒಳಗಿನ ಮಣ್ಣೂ ಎರಡಂಗುಲ ಎದ್ದು ಬಂತು. ಇಂದಿನ ಪ್ಲಾಸ್ಟಿಕ್ ಬಣ್ಣಗಳ ಕತೆಯೂ ಇದೇ. ಹಳೆ ಗೋಡೆಗೆ ಮಳೆಯಂಗಿ ತೊಡಿಸಿದರೆ ಅದು ಒಳಗೇ ಬೆವರುತ್ತದೆ.

ಇದು ಒಂದು ಮನೆಯ ಗೋಡೆಯ ಮಾತಾಯಿತು. ಲೋಕದ ಲೆಕ್ಕವೂ ಒಂದಿದೆ. ಸುಣ್ಣದ ಕಲ್ಲನ್ನು ಸುಡಲು ಸುಮಾರು 900 ಡಿಗ್ರಿ ಶಾಖ ಸಾಕು, ಸಿಮೆಂಟಿಗೆ ಸುಮಾರು 1450 ಡಿಗ್ರಿ ಬೇಕು. ಸುಡುವಾಗ ಎರಡರಿಂದಲೂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಸುಣ್ಣದ ಗಾರೆ ಗಟ್ಟಿಯಾಗುವಾಗ ಗಾಳಿಯಿಂದ ಅದರಲ್ಲಿ ಒಂದಷ್ಟನ್ನು ಮರಳಿ ಹೀರಿಕೊಂಡೇ ಕಲ್ಲಾಗುತ್ತದೆ. ಮನುಷ್ಯರು ಜಗತ್ತಿನಲ್ಲಿ ಹೊರಬಿಡುವ ಈ ಅನಿಲದಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟು ತಯಾರಿಕೆ ಒಂದರಿಂದಲೇ ಬರುತ್ತದೆ ಎಂಬ ಲೆಕ್ಕ ಕೇಳಿದ ಮೇಲೆ, ನೆಟ್ಟಗೆ ನಿಂತ ಮನೆಯನ್ನು ಕೆಡವಿ ಕಾಂಕ್ರೀಟು ಸುರಿಯುವುದು ಅವರವರ ಮನೆಯ ವಿಷಯ ಎನ್ನಲು ಬರುವುದಿಲ್ಲ. ನಿಂತಿರುವ ಗೋಡೆಗೆ ಆಗಬೇಕಾದ ಖರ್ಚು ಎಂದೋ ಆಗಿಹೋಗಿದೆ. ಅದನ್ನು ನಿಲ್ಲಗೊಡುವುದೇ ಎಲ್ಲಕ್ಕಿಂತ ದೊಡ್ಡ ಉಳಿತಾಯ.

ಇಷ್ಟರ ತನಕ ನಾನೂ ಆ ವಿಶೇಷಾಂಕದವರೂ ಒಂದೇ ಪಕ್ಷ. ಬೇರೆಯಾಗುವುದು ಇಲ್ಲಿಂದ ಮುಂದೆ.

ಈ ಮನೆ ತಾನಾಗಿ ನಡೆಯುತ್ತಿರಲಿಲ್ಲ. ಅದನ್ನು ನಡೆಸುತ್ತಿದ್ದರು. ಒಂದು ವರ್ಷದ ಕೆಲಸವನ್ನು ಸುಮ್ಮನೆ ಪಟ್ಟಿ ಮಾಡಿ ನೋಡಿ. ಮಳೆ ನಿಂತ ಮೇಲೆ ಪಾಚಿ ಕಟ್ಟಿದ ಅಂಗಳವನ್ನು ಕೆತ್ತಿ, ಬಡಿದು, ಸಗಣಿ ಸಾರಿಸಬೇಕು. ದೀಪಾವಳಿಗೆ ಸುಣ್ಣ ಬಳಿಯಬೇಕು, ಗೋಡೆಯ ಬುಡಕ್ಕೆ ಕೆಮ್ಮಣ್ಣು ಹಚ್ಚಬೇಕು. ಮಳೆಗಾಲಕ್ಕೆ ಮೊದಲು ಮಾಡು ಕೈಯಾಡಿಸಬೇಕು. ಮೇಲೇರುವವರು ಗಂಡಸರಾದರೂ ಉದುರಿದ ಧೂಳು, ಇಲ್ಲಣ, ಇಲಿ ಹಿಕ್ಕೆ ಗುಡಿಸುವವರು ಯಾರೆಂದು ಹೇಳಬೇಕಾಗಿಲ್ಲ. ಹಬ್ಬಕ್ಕೊಮ್ಮೆ ಕಂಬ, ಬಾಗಿಲು ಒರೆಸಿ ಎಣ್ಣೆ ಕುಡಿಸಬೇಕು. ಪ್ರತಿ ಊಟದ ನಂತರ ನೆಲಕ್ಕೆ ಗೋಮಯ. ಬೆಳಗಾದರೆ ಹಂಡೆಯೊಲೆಗೆ ಬೆಂಕಿ. ಇಷ್ಟರ ನಡುವೆ ಅಡುಗೆ, ಬಾಣಂತನ, ಅಡಕೆ ಸುಲಿತ, ಬಂದವರು, ಹೋದವರು.

ಹೊಸದಾಗಿ ಮದುವೆಯಾಗಿ ಬಂದವಳು ನಾನು ಒಮ್ಮೆ ನೆಲಕ್ಕೆ ಕೆನ್ನೆ ಆನಿಸಿ ಮಲಗಿ ‘ಎಷ್ಟು ತಂಪು ಅತ್ತೆ!’ ಎಂದಿದ್ದೆ. ಅವರು ಅಕ್ಕಿ ಆರಿಸುತ್ತ ತಲೆ ಎತ್ತದೆ ಹೇಳಿದ್ದರು: ‘ನಿಂಗೆ ತಂಪು ಕಾಣ್ತದೆ ಮಾರಾಯ್ತಿ. ನಂಗೆ ಆ ನೆಲ ಕಂಡ್ರೆ ಸೊಂಟ ನೋಯ್ತದೆ.’

ಹಳೆಯ ಮನೆಗಳ ಬಗ್ಗೆ ನಾನು ಕೇಳಿದ ವಿಮರ್ಶೆಗಳಲ್ಲಿ ಇದಕ್ಕಿಂತ ಖಚಿತವಾದದ್ದು ಇನ್ನೊಂದಿಲ್ಲ. ಆ ನೆಲವನ್ನು ನೋಡುವವರ ಕಣ್ಣು ಬೇರೆ, ಬಗ್ಗಿ ಸಾರಿಸುವವರ ಕಣ್ಣು ಬೇರೆ. ಹಳೆಯ ಮನೆಗೆ ಹೊರಗಿನಿಂದ ವಿದ್ಯುತ್ತು ಬೇಕಿರಲಿಲ್ಲ, ಸಿಮೆಂಟು ಬೇಕಿರಲಿಲ್ಲ, ನಿಜ. ಅದಕ್ಕೆ ಬೇಕಾಗಿದ್ದ ಬೇರೊಂದು ಶಕ್ತಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಏಕೆಂದರೆ ಅದು ಸಂಬಳ ಕೇಳದೆ ಒಳಮನೆಯಲ್ಲೇ ಸಿಗುತ್ತಿತ್ತು. ಒಳಗಿನವರದ್ದಾದರೂ ಹೋಗಲಿ, ಮಣ್ಣು ತುಳಿದು ಗೋಡೆ ಎಬ್ಬಿಸಿದವರು, ಅಂಗಳ ಬಡಿದವರು, ಸಗಣಿಬುಟ್ಟಿ ಹೊತ್ತವರು ಹಿತ್ತಿಲ ಬಾಗಿಲು ದಾಟಿ ಒಳಗೆ ಬರುವಂತಿರಲಿಲ್ಲ. ತಾವು ಕಟ್ಟಿದ ಮನೆಯ ತೊಟ್ಟಿಯನ್ನು ಅವರು ಕಂಡದ್ದು ಕಟ್ಟುವಾಗ ಮಾತ್ರ. ತಿಂಗಳಿಗೆ ಮೂರು ದಿನ ಮನೆಯ ಹೆಂಗಸರಿಗೂ ಜಾಗ ಹಿತ್ತಿಲ ಕಡೆಯ ಮೂಲೆಯಲ್ಲೇ. ಪರಂಪರೆಯನ್ನು ಉಳಿಸುತ್ತೇವೆ ಎನ್ನುವವರು ಈ ಬಾಗಿಲುಗಳ ಮಾತನ್ನೂ ಆಡಬೇಕಾಗುತ್ತದೆ.

ಅಡುಗೆಮನೆಯ ಚಿತ್ರ ಇರದಿದ್ದುದಕ್ಕೂ ಕಾರಣ ಇದೇ. ಹಳೆಯ ಮನೆಯ ಅತ್ಯಂತ ಕತ್ತಲ ಕೋಣೆ ಸಾಧಾರಣವಾಗಿ ಅದೇ. ಒಂದು ಸಣ್ಣ ಕಿಟಕಿ, ಕೆಳಗೆ ಸೌದೆ ಒಲೆ, ಮೇಲೆ ಅಟ್ಟ. ಹೊಗೆಗೆ ಹೆಂಚಿನ ಸಂದೇ ದಾರಿ. ಸೌದೆ, ಬೆರಣಿ, ಇದ್ದಿಲುಗಳ ಹೊಗೆಯಿಂದ ಮನೆಯೊಳಗೆ ಕೆಡುವ ಗಾಳಿ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರ ಸಾವಿಗೆ ಕಾರಣವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಒಲೆಯ ಮುಂದೆ ಹೆಚ್ಚು ಹೊತ್ತು ಕೂತವರು ಹೆಂಗಸರು ಮತ್ತು ಅವರ ಸೆರಗು ಹಿಡಿದ ಮಕ್ಕಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಎಂಬ ವಿಭಾಗದವರು ಹಳ್ಳಿಯ ಅಗತ್ಯಗಳನ್ನು ಹುಡುಕಿ ಹೊರಟಾಗ, ಕಡಿಮೆ ಸೌದೆ ಬೇಡುವ, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವ ಅಸ್ತ್ರ ಒಲೆಯನ್ನು ರೂಪಿಸಿದ್ದು ಸುಮ್ಮನೆ ಅಲ್ಲ. ಮನೆಯ ಸುಧಾರಣೆ ಎಂದರೆ ಒಲೆಯಿಂದ ಶುರುವಾಗಬೇಕೆಂದು ಆ ವಿಜ್ಞಾನಿಗಳಿಗೆ ಹೊಳೆದಿತ್ತು. ಹಳೆ ಮನೆ ನವೀಕರಿಸುವ ನಮ್ಮ ಶ್ರೀಮಂತರಿಗೆ ಇನ್ನೂ ಹೊಳೆದಿಲ್ಲ. ಅವರ ಖರ್ಚು ಹೆಬ್ಬಾಗಿಲಲ್ಲಿ ಶುರುವಾಗಿ ಜಗಲಿಯಲ್ಲಿ ಮುಗಿಯುತ್ತದೆ.

ಹಳೆಯ ಮನೆಯನ್ನು ಇದ್ದ ಹಾಗೇ ಇಡುವ ಕೆಲಸವೂ ಬೇಕು, ಅದಕ್ಕೆ ಬೇರೆ ಜಾಗಗಳಿವೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕೆಡವಲಿದ್ದ ಮನೆಗಳನ್ನು ಹುಡುಕಿ, ಬಿಚ್ಚಿ ತಂದು, ಮರಳಿ ಜೋಡಿಸಿ ನಿಲ್ಲಿಸಿದ್ದು ಒಬ್ಬ ಮನುಷ್ಯನ ಆಯುಷ್ಯದ ಹಟ. 2017ರಲ್ಲಿ ಅವರು ತೀರಿಕೊಂಡಾಗ ಕರಾವಳಿ ಒಬ್ಬ ದೊಡ್ಡ ಸಂಗ್ರಾಹಕನನ್ನು ಕಳೆದುಕೊಂಡಿತು. ಚೆನ್ನೈ ಹತ್ತಿರದ ಮುಟ್ಟುಕಾಡಿನಲ್ಲಿ 1996ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿ ನಮ್ಮ ಇಳಕಲ್ಲಿನ ನೇಕಾರರ ಮನೆಯೂ ಚಿಕ್ಕಮಗಳೂರಿನ ಮನೆಯೂ ಇವೆ. ಕುಪ್ಪಳಿಯ ಕವಿಮನೆಗೆ ಹೋದವರೆಲ್ಲ ತೊಟ್ಟಿಯ ಸುತ್ತ ನಡೆದು, ಪಾತ್ರೆಪಗಡ ನೋಡಿ, ಒಂದು ಕಾಲದ ಸಂಸಾರದ ಗಾತ್ರ ಎಷ್ಟಿತ್ತೆಂದು ಬೆರಗಾಗಿದ್ದಾರೆ. ಮ್ಯೂಸಿಯಮ್ಮಿನ ಧರ್ಮ ಗಡಿಯಾರವನ್ನು ನಿಲ್ಲಿಸುವುದು. ಅಲ್ಲಿ ಒಲೆ ಉರಿಯಬೇಕಾಗಿಲ್ಲ, ಅಲ್ಲಿನ ನೆಲ ಸಾರಿಸಲು ಸಂಬಳದವರಿದ್ದಾರೆ. ಜನ ಇನ್ನೂ ಬದುಕುವ ಮನೆಯನ್ನೂ ಅದೇ ಕಣ್ಣಿನಿಂದ ದುರಸ್ತಿ ಮಾಡಿದರೆ ಆಗುವ ತೊಂದರೆ ಬೇರೆ. ಅತಿಥಿಗಳಿಗಾಗಿ ಸಿಂಗರಿಸಿದ ಒಂದು ಮನೆಗೆ ಹೋಗಿದ್ದೆ. ಅರ್ಧ ಅಡಿ ಎತ್ತರದ ಕೆತ್ತನೆಯ ಹೊಸಿಲುಗಳನ್ನೆಲ್ಲ ಉಳಿಸಿದ್ದರು, ಬಲು ಸುಂದರ. ಆ ಮನೆಯ ಅಜ್ಜಿ ಮಂಡಿನೋವಿನಿಂದ ಅವನ್ನು ದಾಟಲಾರದೆ ಹಿಂದಿನ ಕೋಣೆಯಲ್ಲೇ ಉಳಿದಿದ್ದರು. ನನಗೆ ಆಮೇಲೆ ಆ ಕೆತ್ತನೆ ನೋಡಲು ಮನಸ್ಸಾಗಲಿಲ್ಲ.

ಪರಂಪರೆ ಎಂಬ ಮಾತನ್ನೇ ಸ್ವಲ್ಪ ಕೆದಕಿ ನೋಡಬಹುದು. ‘ನಮ್ಮ ಸಾಂಪ್ರದಾಯಿಕ’ ಎಂದು ನಾವು ಮಮತೆಯಿಂದ ಹೇಳುವ ಮಂಗಳೂರು ಹೆಂಚು, ಬಾಸೆಲ್ ಮಿಷನ್ನಿನ ಜರ್ಮನರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಬಂದದ್ದು. ಅದಕ್ಕೆ ಮೊದಲು ಇದ್ದವರ ಮನೆಗೆ ನಾಡಹೆಂಚು, ಉಳಿದವರಿಗೆ ಹುಲ್ಲು, ಸೋಗೆ. ಚಿತ್ರಗಳಲ್ಲಿ ಹೊಳೆಯುವ ಕೆಂಪು ನೆಲದಲ್ಲಿ ಇರುವುದೂ ಸಿಮೆಂಟೇ, ಕಬ್ಬಿಣದ ಕೆಂಪು ಪುಡಿ ಬೆರೆಸಿದ್ದು. ಪೋರಬಂದರಿನ ಕಾರ್ಖಾನೆಯಿಂದ ಸಿಮೆಂಟು ಹೊರಬಂದದ್ದೇ 1914ರಲ್ಲಿ ಎಂದರೆ ಆ ನೆಲದ ವಯಸ್ಸನ್ನು ನೀವೇ ಊಹಿಸಿಕೊಳ್ಳಿ. ಅಂದರೆ ನಮ್ಮ ಅಜ್ಜಿಯರ ಮನೆಗಳು ಹೊಸದನ್ನು ಧಾರಾಳವಾಗಿಯೇ ಒಳಗೆ ಬಿಟ್ಟುಕೊಂಡಿದ್ದವು. ಹುಲ್ಲಿನ ಮಾಡು ಹೋಗಿ ಹೆಂಚು ಬಂದಾಗ ಸಂಸ್ಕೃತಿ ಹಾಳಾಯಿತೆಂದು ಯಾವ ಅಜ್ಜಿ ಅತ್ತದ್ದನ್ನೂ ನಾನು ಕೇಳಿಲ್ಲ. ವರ್ಷ ವರ್ಷ ಹುಲ್ಲು ಹೊದಿಸುವ ಕಷ್ಟ ತಪ್ಪಿತೆಂದು ಅವರು ನಿಟ್ಟುಸಿರು ಬಿಟ್ಟಿರಬೇಕು. ಮಣ್ಣಿನ ಗೋಡೆಗೆ ಯಾವುದು ಹೊಂದುತ್ತದೆ, ಯಾವುದು ಅದನ್ನು ಕೊಲ್ಲುತ್ತದೆ ಎಂದು ನೋಡಬೇಕೇ ಹೊರತು, ಯಾವುದು ಹಳೆಯದು, ಯಾವುದು ಹೊಸದು ಎಂದಲ್ಲ.

ನಮ್ಮ ಮನೆಯ ದುರಸ್ತಿಯ ಪ್ರಶ್ನೆ ಬಂದದ್ದು 2012ರಲ್ಲಿ. ಭಾವನವರಿಗೆ ಎಲ್ಲವನ್ನೂ ಕೆಡವಿ ತಾರಸಿ ಹಾಕಿಸುವ ಮನಸ್ಸು. ಬೆಂಗಳೂರಿನಲ್ಲಿದ್ದ ಮೈದುನನಿಗೆ ಒಂದು ಕಲ್ಲನ್ನೂ ಅಲುಗಿಸಬಾರದೆಂಬ ಹಟ. ಅವನು ಬರುವುದು ವರ್ಷಕ್ಕೆ ಎರಡು ಸಲ. ಇಬ್ಬರ ಮಾತೂ ಜಗಲಿಯಲ್ಲಿ ಎರಡು ದಿನ ನಡೆಯಿತು. ಮೂರನೆಯ ದಿನ ಅತ್ತೆ ಒಳಗಿನಿಂದ ಕೇಳಿದರು: ‘ಅಡುಗೆಮನೆಗೆ ಬೆಳಕು ಬರ್ತದಾ? ಅಷ್ಟು ಹೇಳಿ ಮೊದ್ಲು.’ ಆಗ ಅವರಿಗೆ ಎಪ್ಪತ್ತೆಂಟು.

ಬೆಳಕಿಗೆ ಬೇಕಾದದ್ದು ನಾಲ್ಕು ಗಾಜಿನ ಹೆಂಚು ಮತ್ತು ಒಂದು ಹೊಸ ಕಿಟಕಿ. ಇಡೀ ದುರಸ್ತಿಯಲ್ಲಿ ಅತ್ಯಂತ ಅಗ್ಗದ ಕೆಲಸ ಅದೇ ಆಗಿತ್ತು. ಆ ಮನೆಯ ಹುಟ್ಟಿನಿಂದ ಅದು ಯಾರಿಗೂ ಹೊಳೆಯದೆ ಹೋದದ್ದು ಗಾಜಿನ ಹೆಂಚು ಸಿಗದೆ ಅಲ್ಲ. ಒಲೆಯನ್ನು ನೆಲದಿಂದ ಕಟ್ಟೆಗೆ ಎತ್ತಿದೆವು. ಅಡುಗೆಮನೆ, ಬಚ್ಚಲಿನ ಸಗಣಿ ನೆಲ ಹೋಗಿ ಕಡಪ ಕಲ್ಲು ಬಂತು. ತೊಟ್ಟಿಯ ಸುತ್ತಣ ಕೆಂಪು ನೆಲವನ್ನು ಮುಟ್ಟಲಿಲ್ಲ, ಒರೆಸಿದರೆ ಸಾಕಾಗುವಂಥದ್ದು ಅದು. ಕಕ್ಕಸು ಅಲ್ಲಿಯವರೆಗೆ ಹಿತ್ತಿಲ ಕೊನೆಯಲ್ಲಿತ್ತು. ಮಳೆಗಾಲದ ರಾತ್ರಿ ವಯಸ್ಸಾದವರಿಗೆ ಅದೊಂದು ಪ್ರಯಾಣ. ಅದನ್ನು ಮನೆಗೆ ತಾಗಿಸಿ ಕಟ್ಟಿಸುವಾಗ ಮೇಸ್ತ್ರಿ ಒಂದು ವಿವೇಕದ ಮಾತು ಹೇಳಿದರು: ‘ಅಮ್ಮಾ, ನೀರಿನ ಕೆಲಸ ಮಣ್ಣಿನ ಗೋಡೆಗೆ ತಾಗಬಾರದು. ಒಂದು ಗೇಣು ಬಿಟ್ಟು ಜಂಬಿಟ್ಟಿಗೆಯಲ್ಲಿ ಬೇರೆ ಗೋಡೆ ಎಬ್ಬಿಸ್ತೇನೆ.’ ಹಾಗೇ ಮಾಡಿದರು. ಒಳಗಿನ ಹೊಸಿಲುಗಳ ಎರಡೂ ಕಡೆ ಇಳಿಜಾರು ಮಾಡಿಸಿದೆವು. ನೋಟಕ್ಕೆ ಸ್ವಲ್ಪ ಒಡ್ಡೊಡ್ಡಾಗಿದೆ. ಅತ್ತೆ ಆಮೇಲೆ ಐದು ವರ್ಷ ಗೋಡೆ ಹಿಡಿದುಕೊಂಡು ಮನೆ ತುಂಬ ಓಡಾಡಿದರು.

ಗೋಡೆಯ ಸಿಮೆಂಟು ಕಿತ್ತು ಸುಣ್ಣದ ಗಾರೆ ಮಾಡಿಸುವುದೇ ದೊಡ್ಡ ಕೆಲಸವಾಯಿತು. ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ಕೊಳೆಹಾಕಬೇಕು, ಬೆಲ್ಲ, ಅಳಲೆಕಾಯಿಯ ನೀರು ಬೆರೆಸಿ ಅರೆಯಬೇಕು. ಒಂದೊಂದು ಪದರವೂ ಒಣಗಲು ಬಿಡಬೇಕು. ನಮ್ಮೂರಲ್ಲಿ ಆ ಕೆಲಸ ಬಲ್ಲ ಮೇಸ್ತ್ರಿ ಅವರೊಬ್ಬರೇ, ಅರವತ್ತು ದಾಟಿದವರು. ಸುಣ್ಣದಿಂದ ಖರ್ಚು ಕಡಿಮೆಯಾಯಿತೆಂದು ಹೇಳಿದರೆ ಸುಳ್ಳಾದೀತು. ಸಾಮಾನಿನ ದುಡ್ಡು ಉಳಿಯಿತು, ಕೂಲಿಯ ದುಡ್ಡು ಹೆಚ್ಚಾಯಿತು. ಕಾರ್ಖಾನೆಗೆ ಹೋಗುವ ಹಣ ಊರಿನ ಆರು ಜನರ ಕೈಗೆ ಹೋಯಿತಷ್ಟೆ. ಮೇಸ್ತ್ರಿಯ ಕೈಕೆಳಗೆ ಇಬ್ಬರು ಹುಡುಗರು ಕೆಲಸ ಕಲಿತರು ಎಂಬುದು ನನ್ನ ಮಟ್ಟಿಗೆ ಗೋಡೆಗಿಂತ ಹೆಚ್ಚಿನ ಲಾಭ. ಗೋಡೆ ಉಳಿದು, ಅದನ್ನು ರಿಪೇರಿ ಮಾಡಬಲ್ಲವರೇ ಇಲ್ಲದಂತಾದರೆ ಆ ಉಳಿಕೆಗೆ ಎಷ್ಟು ದಿನ ಆಯುಷ್ಯ?

ಒಂದು ಒಳ್ಳೆಯದು ಮಾಡಿದರೆ ಇನ್ನೊಂದು ತೊಡಕು ಎದ್ದುಬರುತ್ತದೆ ಎಂಬುದನ್ನೂ ಹೇಳಬೇಕು. ಗ್ಯಾಸಿನ ಒಲೆ ಬಂದು ಹೊಗೆ ನಿಂತಿತು. ಆದರೆ ಅದೇ ಹೊಗೆ ಇಷ್ಟು ವರ್ಷ ಅಟ್ಟದ ಪಕಾಸಿ, ರೀಪುಗಳಿಗೆ ಹುಳ ಬೀಳದಂತೆ ಕಾಯುತ್ತಿತ್ತು. ಹೊಗೆ ತಪ್ಪಿದ ಮರಕ್ಕೆ ಈಗ ಗೇರೆಣ್ಣೆ ಬಳಿಯಬೇಕು. ಅದು ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಎಚ್ಚರ ಬೇಕು. ಬಿಸಿಲ ನೀರಿನ ಯಂತ್ರ ಕೂರಿಸಿದರೆ ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡಿನಲ್ಲಿ ಸೂರ್ಯನ ಮುಖವೇ ಇಲ್ಲ. ಹಾಗಾಗಿ ಹಂಡೆಯೊಲೆಯನ್ನೂ ಉಳಿಸಿ ಹೊಗೆಕೊಳವೆ ಇಡಿಸಿದೆವು. ಮಳೆ ಸುರಿಯುವ ಊರಿನಲ್ಲೂ ಬೇಸಿಗೆಯಲ್ಲಿ ಬಾವಿ ಬತ್ತುತ್ತದೆ. ಲೆಕ್ಕ ಸರಳ: ಒಂದು ಚದರ ಮೀಟರು ಮಾಡಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ನೂರು ಚದರ ಮೀಟರಿನ ಮಾಡು, 800 ಮಿಲಿಮೀಟರು ಮಳೆಯ ಬಯಲುಸೀಮೆಯ ಊರಿನಲ್ಲಿಯೂ, ವರ್ಷಕ್ಕೆ 80,000 ಲೀಟರನ್ನು ಹಿಡಿಯಬಲ್ಲದು. ಸೋರಿಕೆ, ಆವಿ ಕಳೆದರೂ ಅರವತ್ತು ಸಾವಿರಕ್ಕೆ ಕಡಿಮೆಯಾಗಲಾರದು. ಸೂರಿಗೆ ದೋಣಿ ಕಟ್ಟಿ, ಸೋಸಿ, ಬಾವಿಯ ಪಕ್ಕದ ಗುಂಡಿಗೆ ಬಿಟ್ಟ ಮೇಲೆ ಏಪ್ರಿಲ್ ತಿಂಗಳಲ್ಲಿ ಕೊಡ ಹಿಡಿದು ಪಕ್ಕದ ಮನೆಗೆ ಹೋಗುವುದು ತಪ್ಪಿತು. ಹೋಗುತ್ತಿದ್ದವರು ಯಾರೆಂಬುದು ಮತ್ತೆ ಹೇಳಬೇಕಾಗಿಲ್ಲ.

ಮನೆ ಕಟ್ಟುವವರಲ್ಲಿ ನಾನು ಗೌರವಿಸುವ ಹೆಸರು ಲಾರಿ ಬೇಕರ್. 1945ರಲ್ಲಿ ಇಂಗ್ಲೆಂಡಿನಿಂದ ಬಂದು, ವೈದ್ಯೆ ಹೆಂಡತಿಯೊಡನೆ ಪಿಥೋರಗಢದ ಬೆಟ್ಟಗಳಲ್ಲೂ ಆಮೇಲೆ ಕೇರಳದಲ್ಲೂ ಬದುಕಿ, 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡವರು. ಕೆಡವಿದ ಮನೆಗಳ ಬಾಗಿಲು, ಕಿಟಕಿ, ಹೆಂಚುಗಳನ್ನು ಮತ್ತೆ ಬಳಸುವುದನ್ನು ಒಂದು ಧರ್ಮದಂತೆ ನಡೆಸಿದರು. ಕಾಂಕ್ರೀಟಿನ ನಡುವೆ ಹಳೆ ಮಂಗಳೂರು ಹೆಂಚು ಇಟ್ಟು ಸಿಮೆಂಟು, ಕಬ್ಬಿಣ ಎರಡನ್ನೂ ಉಳಿಸಿದರು. ಓದು ಬಾರದ ಕೆಲಸಗಾರನಿಗೂ ತಿಳಿಯುವಂತೆ ಚಿತ್ರ ಬರೆದು ಪುಸ್ತಿಕೆ ಮಾಡಿದರು. ಇಷ್ಟೆಲ್ಲ ಒಪ್ಪಿದ ಮೇಲೂ ಅವರ ಪ್ರಸಿದ್ಧ ಜಾಲಿ ಗೋಡೆಗಳನ್ನು ನೋಡಿದಾಗ ನನ್ನೊಳಗಿನ ಗೃಹಿಣಿ ಕೇಳುತ್ತಾಳೆ: ಗಾಳಿ ಬರುತ್ತದೆ, ಬೆಳಕೂ ಬರುತ್ತದೆ, ಸರಿ, ಈ ನೂರಾರು ತೂತುಗಳ ಧೂಳು, ಜೇಡರಬಲೆ ತೆಗೆಯುವವರು ಯಾರು? ಇದು ಕೊಂಕಲ್ಲ. ಒಳ್ಳೆಯ ಕೆಲಸಕ್ಕೇ ಈ ಪ್ರಶ್ನೆ ಕೇಳಬೇಕು, ಕೆಟ್ಟದ್ದಕ್ಕೆ ಕೇಳಿ ಏನು ಫಲ? ಬೆಂಗಳೂರಿನಲ್ಲಿ 1990ರ ದಶಕದಿಂದ ಮಣ್ಣಿನ ಇಟ್ಟಿಗೆಯ ಮನೆಗಳನ್ನು ಕಟ್ಟುತ್ತ ಬಂದ ಚಿತ್ರಾ ವಿಶ್ವನಾಥ್ ಅವರಂಥ ಹೆಣ್ಣುಮಕ್ಕಳು ಈ ಕಸುಬಿನಲ್ಲಿ ಹೆಚ್ಚಾದಷ್ಟೂ ಇಂಥ ಪ್ರಶ್ನೆ ನಕ್ಷೆ ಬರೆಯುವಾಗಲೇ ಏಳಬಹುದೆಂಬ ಆಸೆ ನನಗಿದೆ.

ಪ್ರಶ್ನೆ ಕೇಳುವ ಹಕ್ಕು ನಮಗಿತ್ತೇ ಎಂಬುದು ಇನ್ನೊಂದು ಮಾತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ ಇಪ್ಪತ್ತಮೂರನೆಯ ಕಲಮು ಒಂದಿತ್ತು. ಕುಟುಂಬ ವಾಸವಾಗಿರುವ ಮನೆಯಲ್ಲಿ ಗಂಡು ವಾರಸುದಾರರು ತಮ್ಮೊಳಗೆ ಹಂಚಿಕೊಳ್ಳಲು ಮನಸ್ಸು ಮಾಡುವ ತನಕ ಹೆಣ್ಣು ವಾರಸುದಾರಳು ತನ್ನ ಪಾಲು ಬಿಡಿಸಿಕೊಡಿ ಎನ್ನುವಂತಿರಲಿಲ್ಲ. ಮಗಳಿಗೆ ಅಲ್ಲಿ ವಾಸದ ಹಕ್ಕಾದರೂ ಇದ್ದದ್ದು ಅವಳು ಮದುವೆಯಾಗದವಳೋ, ಗಂಡ ಬಿಟ್ಟವಳೋ, ಗಂಡನಿಂದ ಬೇರೆಯಾದವಳೋ, ವಿಧವೆಯೋ ಆಗಿದ್ದರೆ ಮಾತ್ರ. ಕರ್ನಾಟಕ 1994ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು, ಆದರೆ ಅಷ್ಟರಲ್ಲಿ ಮದುವೆಯಾದವರನ್ನು ಹೊರಗಿಟ್ಟಿತು. 2005ರ ತಿದ್ದುಪಡಿ ಆ ಭೇದವನ್ನೂ ಇಪ್ಪತ್ತಮೂರನೆಯ ಕಲಮನ್ನೂ ತೆಗೆದುಹಾಕಿತು. ಅಂದರೆ ಕಂಬಕ್ಕೆ ಎಣ್ಣೆ ಹಚ್ಚುತ್ತ ಬೆಳೆದ ಮಗಳಿಗೆ ಆ ಕಂಬದ ವಿಷಯದಲ್ಲಿ ಪೂರಾ ಮಾತಾಡುವ ಅಧಿಕಾರ ಬಂದದ್ದು ತೀರಾ ಈಚೆಗೆ. ಕಾಗದದ ಮೇಲೆ ಬಂದದ್ದು ಜಗಲಿಯ ಮಾತುಕತೆಗೆ ಬರಲು ಇನ್ನೂ ಸಮಯ ಹಿಡಿಯುತ್ತದೆ. ಕೆಡವಬೇಕೆ, ಉಳಿಸಬೇಕೆ ಎಂಬ ಚರ್ಚೆ ಅಣ್ಣತಮ್ಮಂದಿರ ನಡುವೆ ಮುಗಿದ ಮೇಲೆ ಕಾಫಿ ತಂದವಳಿಗೆ ವಿಷಯ ತಿಳಿಯುವ ಮನೆಗಳು ನಮ್ಮ ಊರುಗಳಲ್ಲಿ ಕಡಿಮೆಯೇನಲ್ಲ.

‘ಸುಸ್ಥಿರ’ ಎಂಬ ಹೊಸ ಪದವನ್ನು ನಾನು ತಳ್ಳಿಹಾಕುವುದಿಲ್ಲ, ಅದರ ಅರ್ಥವನ್ನು ಪೂರ್ತಿ ಮಾಡಬೇಕೆಂದಷ್ಟೇ ನನ್ನ ವಾದ. ಸಿಮೆಂಟು ಎಷ್ಟು ಉಳಿಯಿತು, ನೀರು ಎಷ್ಟು ಉಳಿಯಿತು, ವಿದ್ಯುತ್ತು ಎಷ್ಟು ಉಳಿಯಿತು ಎಂದು ಬರೆಯುವ ಪಟ್ಟಿಯಲ್ಲಿ, ಆ ಮನೆಯನ್ನು ನಡೆಸುವವರ ಸೊಂಟ, ಮಂಡಿ, ಕಣ್ಣು, ಪುಪ್ಪುಸ ಎಷ್ಟು ಉಳಿದವು ಎಂಬ ಸಾಲೂ ಇರಬೇಕು. ಒಬ್ಬಳು ದಿನವಿಡೀ ದುಡಿದರೆ ಮಾತ್ರ ನಿಲ್ಲುವ ಮನೆ ಬಹಳ ಕಾಲ ನಿಲ್ಲಲಾರದು. ಅವಳ ಸೊಸೆಯೋ ಮಗಳೋ ಅದನ್ನು ಬಿಟ್ಟು ಪೇಟೆಯ ಎರಡು ಕೋಣೆಯ ಮನೆಗೆ ನಗುನಗುತ್ತ ಹೋಗುತ್ತಾಳೆ, ಹೋಗಿದ್ದಾಳೆ. ಮಲೆನಾಡಿನಲ್ಲಿ ಬೀಗ ಬಿದ್ದಿರುವ ಎಷ್ಟೋ ದೊಡ್ಡ ಮನೆಗಳನ್ನು ನೋಡಿದಾಗ ಗೆದ್ದಲಿಗಿಂತ ಮೊದಲು ಅವನ್ನು ತಿಂದದ್ದು ಈ ದಣಿವೇ ಎಂದು ನನಗೆ ಅನ್ನಿಸುತ್ತದೆ.

ಆದ್ದರಿಂದ ಹಳೆಯ ಮನೆಯಲ್ಲಿರುವ, ಅದನ್ನು ಉಳಿಸಿಕೊಳ್ಳಬೇಕೆಂಬ ಆಸೆಯೂ ಇರುವ ಅಕ್ಕತಂಗಿಯರಿಗೆ ಒಂದು ಸಲಹೆ. ಮೇಸ್ತ್ರಿ ಬಂದು ಗೋಡೆ ಅಳೆಯುವ ಮೊದಲು ನೀವೊಂದು ಹಾಳೆ ತೆಗೆದುಕೊಳ್ಳಿ. ಬೆಳಗಿನಿಂದ ರಾತ್ರಿಯವರೆಗೆ ಈ ಮನೆಗಾಗಿ ನೀವು ಬಗ್ಗುವುದೆಷ್ಟು, ಏರುವುದೆಷ್ಟು, ಹೊರುವುದೆಷ್ಟು, ಯಾವ ಕೋಣೆಯಲ್ಲಿ ಹಗಲೇ ದೀಪ ಹಾಕುತ್ತೀರಿ, ಮಳೆಗಾಲದಲ್ಲಿ ಯಾವ ಗೋಡೆ ಎಲ್ಲಿಯವರೆಗೆ ಒದ್ದೆಯಾಗುತ್ತದೆ ಎಂದು ಬರೆಯಿರಿ. ಆ ಕೊನೆಯದು ಎಂಜಿನಿಯರಿಗೂ ಗೊತ್ತಿರುವುದಿಲ್ಲ, ನಿಮಗೆ ಗೊತ್ತಿದೆ. ಮನೆಯ ದುರಸ್ತಿ ಆ ಹಾಳೆಯಿಂದ ಶುರುವಾಗಲಿ. ಆದರೆ ಅದನ್ನು ಮೇಸ್ತ್ರಿಯ ಕೈಗೆ ಕೊಡುವುದಕ್ಕೆ ಮೊದಲು ಜಗಲಿಗೆ ಬಂದು, ಅಲ್ಲಿ ಕೂತವರಿಗೆಲ್ಲ ಕೇಳುವಂತೆ ಒಮ್ಮೆ ಗಟ್ಟಿಯಾಗಿ ಓದಿಬಿಡಿ.